ಕಾರ್ತಹೇನಾ ಬೀಚಿನಲ್ಲಿ ‘ಫ್ರೀ’ ಅಂದರೆ ಕಾಲು ಎಳ್ಕೊಳ್ಳಿ

ಕೊಲಂಬಿಯಾದ ಕಾರ್ತಹೇನಾಗೆ ಹೋಗುವವರು ದಯವಿಟ್ಟು ಇದನ್ನು ಓದಿ. ಊರಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. 1533ರಲ್ಲಿ ಸ್ಪೇನಿನವರು ಕಟ್ಟಿದ ಬಂದರು, ಹಳೇ ಊರಿನ ಸುತ್ತ ಇರುವ ಗೋಡೆ ಮೇಲೆ ಸಂಜೆ ಸುಮ್ನೆ ಓಡಾಡಬಹುದು, ಬಿಡಿಗಾಸೂ ಕೊಡಬೇಕಾಗಿಲ್ಲ. ಸಾನ್ ಫೆಲಿಪೆ ಕೋಟೆಗೆ ಕೌಂಟರಿನಲ್ಲಿ ಟಿಕೆಟ್, ಮೋಸ ಇಲ್ಲ. ನನ್ನ ಸಿಟ್ಟೆಲ್ಲ ದ್ವೀಪದ ಟೂರ್ ಮೇಲೆ, ಅದಕ್ಕಿಂತ ಜಾಸ್ತಿ ಪ್ಲಾಯಾ ಬ್ಲಾಂಕಾ ಬೀಚಿನ ಮೇಲೆ.

ಗಡಿಯಾರ ಗೋಪುರದ ಹತ್ತಿರ ಒಬ್ಬ ‘ಎಲ್ಲಾ ಸೇರಿ’ ಅಂತ ಟೂರ್ ಮಾರಿದ. ಬೆಳಿಗ್ಗೆ ಜೆಟ್ಟಿಗೆ ಹೋದರೆ ಬಂದರು ತೆರಿಗೆ ಬೇರೆ. ರೊಸಾರಿಯೋ ದ್ವೀಪಗಳಲ್ಲಿ ಅಕ್ವೇರಿಯಂ ಮುಂದೆ ಬೋಟ್ ನಿಲ್ಲಿಸಿದರು, ಅದರ ಟಿಕೆಟ್ಟೂ ಬೇರೆ, ಬೇಡ ಅಂದವರು ಕಾಯ್ತಾ ಕೂತಿರಬೇಕು. ಹೋಗಲಿ ಬಿಡಿ.

ಬೀಚಿನಲ್ಲಿ ನನ್ನ ಹೆಂಡತಿ ಕುರ್ಚಿ ಮೇಲೆ ಕೂತಿದ್ದಳಷ್ಟೇ. ಒಬ್ಬ ಹೆಂಗಸು ಬಂದವಳೇ ಅವಳ ಕಾಲು ಹಿಡಿದು ಎಣ್ಣೆ ಹಚ್ಚೋಕೆ ಶುರು ಮಾಡಿದಳು. ಬೇಡ ಬೇಡ ಅಂದರೂ ‘ಗ್ರಾತಿಸ್, ಗ್ರಾತಿಸ್’ ಅಂತ ನಗು. ಅಂದರೆ ಫ್ರೀ! ಅಷ್ಟರಲ್ಲಿ ಇನ್ನೊಬ್ಬಳು ಹಿಂದಿನಿಂದ ಬಂದು ಭುಜ ಒತ್ತುತ್ತಿದ್ದಾಳೆ. ಐದು ನಿಮಿಷ ಆಗಿರಬಹುದು, ಅಷ್ಟೇ. ಎಣ್ಣೆ ಕೈಯನ್ನು ನಮ್ಮದೇ ಟವೆಲ್ಲಿಗೆ ಒರೆಸಿಕೊಂಡು, ಫೋನಿನ ಕ್ಯಾಲ್ಕುಲೇಟರಿನಲ್ಲಿ 300000 ಅಂತ ಒತ್ತಿ ನನ್ನ ಮುಖಕ್ಕೆ ಹಿಡಿದಳು. ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ. ಮೂರು ಲಕ್ಷ ಪೆಸೊ! ನಮ್ಮ ದುಡ್ಡಲ್ಲಿ ಆರು ಸಾವಿರಕ್ಕೂ ಜಾಸ್ತಿ!

ಗ್ರಾತಿಸ್ ಅಂದ್ರಲ್ಲಾ ಅಂತ ಕೇಳಿದೆ. ಎಡಗಾಲು ತೋರಿಸಿ ‘ಇದು ಗ್ರಾತಿಸ್’ ಅಂದಳು. ಬಲಗಾಲು, ಭುಜ ತೋರಿಸಿ ‘ಇದು ನೋ’. ಒಂದು ಕಾಲಿಗೆ ಮಾತ್ರ ಫ್ರೀಯಂತೆ! ದನಿ ಏರಿತು, ಇನ್ನಿಬ್ಬರು ಬಂದು ಸುತ್ತ ನಿಂತರು, ನಮ್ಮ ಬೋಟಿನವರೆಲ್ಲ ನೋಡುತ್ತಿದ್ದಾರೆ, ಹೆಂಡತಿ ‘ಕೊಟ್ಟು ಕಳಿಸಿ ಅತ್ಲಾಗೆ’ ಅಂತಿದ್ದಾಳೆ. ಚೌಕಾಸಿ ಮಾಡಿ ಅರ್ಧ ಕೊಟ್ಟೆ. ಗೈಡ್‌ಗೆ ಹೇಳಿದರೆ ‘ಅದು ನಮ್ಮ ಟೂರಿಗೆ ಸೇರಿಲ್ಲ ಸರ್’. ಎಲ್ಲಾ ಸೇರಿ ಅಂತ ಮಾರಿದವನಿಗೆ ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದೆ, ಒಂದು ಹೆಬ್ಬೆರಳು ಕಳಿಸಿದ. ಹೆಬ್ಬೆರಳು!

ಊರೊಳಗೆ ಬಣ್ಣದ ಲಂಗ ಉಟ್ಟು ಹಣ್ಣಿನ ಬುಟ್ಟಿ ಹೊತ್ತ ಪಾಲೆಂಕೇರಾ ಹೆಂಗಸರು ಫೋಟೊಗೆ ದುಡ್ಡು ಕೇಳುತ್ತಾರೆ, ಕೊಡಿ, ಅದು ಅವರ ದುಡಿಮೆ, ರೇಟು ಮೊದಲೇ ಕೇಳಿದರಾಯ್ತು. ಬೀಚಿನಲ್ಲಿ ಮಾತ್ರ ಯಾರಾದರೂ ಮೈ ಮುಟ್ಟಿದರೆ ಮಾತಾಡಬೇಡಿ, ನಗಬೇಡಿ, ಎದ್ದು ಸೀದಾ ನೀರಿಗಿಳಿಯಿರಿ. ಮತ್ತೆ ಟೂರ್ ಮಾರುವವನ ಹತ್ತಿರ ಏನೇನು ಸೇರಿಲ್ಲ ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಮುಂದೆ ಹೋಗಿ.