ಎರಡು ಡಬ್ಬ, ಒಂದು ಚೀಲ: ಹತ್ತಡಿ ಮನೆಗೆ ಒಗ್ಗುತ್ತದೆಯೇ?

ಬೆಂಗಳೂರಿನಲ್ಲಿ ಮನೆಮನೆಯಿಂದ ಕಸ ಎತ್ತುವ ಸೇವೆ ನಿಂತಿರುವುದು 'ಎರಡು ಡಬ್ಬ, ಒಂದು ಚೀಲ' ಪದ್ಧತಿಯ ಮೇಲೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಕಡ್ಡಾಯ ಮಾಡಿದ್ದು ಇದನ್ನೇ: ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು, ಡೈಪರ್, ಬ್ಯಾಂಡೇಜಿಗೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ವಿಂಗಡಿಸಲು ಇದಕ್ಕಿಂತ ಸುಲಭದ ದಾರಿ ಕಾಣೆವು. ಆದರೆ ಕೊಳಗೇರಿಯ ಹತ್ತಡಿ ಕೋಣೆಯಲ್ಲಿ ಈ ಮೂರೂ ಬೀಳುವುದು ಮನೆಯ ಹೆಂಗಸಿನ ತಲೆಗೇ.

ಹಸಿರು ಡಬ್ಬಕ್ಕೆ ನಮ್ಮ ಪೂರ್ತಿ ಒಪ್ಪಿಗೆ. ಐದು ಜನರ ಮನೆಗೆ ಬಿಗಿ ಮುಚ್ಚಳದ ಹತ್ತು ಲೀಟರಿನದು ಸಾಕು. ತಳಕ್ಕೆ ಎರಡು ಹಾಳೆ ಪತ್ರಿಕೆ ಹಾಕಿ, ಸಾರು, ಗಂಜಿ ಬಸಿದ ಮೇಲೆಯೇ ಉಳಿದದ್ದನ್ನು ಸುರಿಯಬೇಕು. ನೀರು ನಿಂತರೆ ಮರುದಿನಕ್ಕೇ ನಾತ. ಗಾಡಿ ಎರಡು ದಿನ ತಪ್ಪಿದರೆ ಹುಳ. ಆಯುಧಪೂಜೆಯ ಮರುದಿನದ ಬೂದುಗುಂಬಳ, ಬಾಳೆಕಂಬ ಇದರಲ್ಲಿ ಹಿಡಿಯುವುದಿಲ್ಲ, ಬೇರೆಯಾಗಿಯೇ ಕೊಡಬೇಕು.

ಒಣ ಕಸಕ್ಕೆ ಹೊಸ ಚೀಲ ಕೊಳ್ಳಬೇಡಿ. 25 ಕಿಲೋ ಅಕ್ಕಿ ಚೀಲವನ್ನು ಮೊಳೆಗೆ ನೇತುಹಾಕಿದರೆ ನೆಲದ ಜಾಗ ಉಳಿಯುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರಲು ಬಿಡಿ. ಉದುರಿದ ಚೂರು ಸೀದಾ ಚರಂಡಿ ಸೇರುತ್ತದೆ. ಪ್ಯಾಕೆಟ್ ತೊಳೆಯಲು ತರಕಾರಿ ತೊಳೆದ ನೀರೇ ಸಾಕು. ನೀರು ಹಿಡಿಯುವುದೂ ಹೆಂಗಸರ ಕೆಲಸವೇ ಆಗಿರುವ ಕಡೆ 'ತೊಳೆದು ಕೊಡಿ' ಎಂಬ ಎರಡು ಪದದ ಸೂಚನೆಗೆ ಎಷ್ಟು ಬಿಂದಿಗೆ ಬೇಕೆಂದು ಬರೆದವರು ಲೆಕ್ಕ ಹಾಕಿದಂತಿಲ್ಲ. ಚೀಲ ತುಂಬಿದ ಮೇಲೆ ಕೆಲಸ ಕೈ ಬದಲಾಗುವುದನ್ನೂ ಗಮನಿಸಿ: ಗುಜರಿಗೆ ಹೋಗುವ ಬಾಟಲಿ, ರಟ್ಟು ಹೊರಲು ಗಂಡಸರು ಎಷ್ಟೋ ಮನೆಗಳಲ್ಲಿ ಮುಂದೆ ಬರುತ್ತಾರೆ, ಕಾಸು ಅವರ ಜೇಬಿಗೆ. ನಾರುವ ಡಬ್ಬ ಮಾತ್ರ ಹೆಂಗಸರಿಗೇ ಉಳಿಯುತ್ತದೆ.

ಸೇವೆ ನಿಜಕ್ಕೂ ಸೋಲುವುದು ಕೆಂಪು ಡಬ್ಬದಲ್ಲಿ. ಪ್ಯಾಡನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡಬೇಕು. ಸುತ್ತುವುದು ಕಷ್ಟವಲ್ಲ, ಕೊಡುವುದು ಕಷ್ಟ. ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು, ಆದರೆ ಗಾಡಿಯ ಚಾಲಕ, ಸಹಾಯಕ ಸಾಮಾನ್ಯವಾಗಿ ಗಂಡಸರು. ಅಕ್ಕಪಕ್ಕದವರು ನೋಡುತ್ತಿರುವಾಗ ಆ ಪೊಟ್ಟಣವನ್ನು ಗಾಡಿಯವರ ಕೈಗಿಡಲು ನಾಚಿ ಮನೆಯ ಹೆಂಗಸರು ಹಸಿ ಕಸದೊಳಗೆ ಹುದುಗಿಸುತ್ತಾರೆ, ಇಲ್ಲವೇ ಕತ್ತಲಾದ ಮೇಲೆ ರಾಜಕಾಲುವೆಗೆ ಎಸೆಯುತ್ತಾರೆ. ಹುದುಗಿಸಿದ್ದು ಹಸಿ ಕಸದಿಂದಾಗುವ ಗೊಬ್ಬರವನ್ನು ಕೆಡಿಸುತ್ತದೆ, ಎಸೆದದ್ದು ಮಳೆಗಾಲದಲ್ಲಿ ನೀರಿನ ಹರಿವಿಗೆ ಅಡ್ಡ ಕೂರುತ್ತದೆ. ಗಾಡಿಯ ಬದಿಗೆ ಮುಚ್ಚಳವಿರುವ ಪೆಟ್ಟಿಗೆಯೊಂದನ್ನು ಕಟ್ಟಿ, ತಾವೇ ಹಾಕಿ ಹೋಗುವಂತೆ ಮಾಡಿದರೆ ಯಾರ ಕೈಗೂ ಕೊಡಬೇಕಿಲ್ಲ. ಸಹಾಯಕಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಹೊತ್ತಿನ ವಿಚಾರ. ಕಸ ಎತ್ತುವ ಆಟೊ ಟಿಪ್ಪರ್ ಇಕ್ಕಟ್ಟಿನ ಗಲ್ಲಿಗೆ ನುಗ್ಗದು, ತಿರುವಿನಲ್ಲೇ ನಿಲ್ಲುತ್ತದೆ. ಅದು ಬರುವಷ್ಟರಲ್ಲಿ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವವರು ಹೊರಟಾಗಿರುತ್ತದೆ. ಆಮೇಲೆ ಡಬ್ಬ ಹೊತ್ತು ಓಡಬೇಕಾದವಳು ಶಾಲೆಗೆ ಹೊರಟ ಮಗಳು. ಮಗ ಮನೆಯಲ್ಲಿದ್ದರೂ ಅವನನ್ನು ಕರೆಯುವುದು ಕಡಿಮೆ. ಯಾರೂ ಇಲ್ಲದಿದ್ದರೆ ಕಸ ಬ್ಲಾಕ್ ಸ್ಪಾಟ್, ಅಂದರೆ ಬೀದಿ ಬದಿಯ ಕಸದ ರಾಶಿ, ಸೇರುತ್ತದೆ, ಬೈಗುಳ ಮತ್ತೆ ಹೆಂಗಸರಿಗೇ. ಇಂಥ ಗಲ್ಲಿಗೆ ಬೇಕಾದದ್ದು ತಳ್ಳುಗಾಡಿ. ಬೆಳಿಗ್ಗೆ ಆರಕ್ಕೋ ಸಂಜೆ ಏಳಕ್ಕೋ, ದಿನವೂ ಅದೇ ಹೊತ್ತಿಗೆ. ಹೊತ್ತು ಗೊತ್ತುಮಾಡುವ ಸಭೆಯನ್ನೂ ಹೆಂಗಸರು ಕೆಲಸದಿಂದ ಮರಳಿದ ಮೇಲೆ ಕರೆಯಬೇಕು.

ವಿಂಗಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಒಂದೇ ಕಡೆ ಸುರಿದರೆ, ಮರುದಿನದಿಂದ ಯಾರೂ ವಿಂಗಡಿಸುವುದಿಲ್ಲ. ಹಾಗಾಗಿ ಡಬ್ಬ ಹಂಚುವ ಸಂಘ ಸಂಸ್ಥೆಗಳಿಗೆ ನಮ್ಮ ಮಾತು: ಗಾಡಿಯಲ್ಲಿ ಬೇರೆ ಬೇರೆ ಖಾನೆ ಇದೆಯೇ, ಕೆಂಪು ಪೆಟ್ಟಿಗೆ ಇದೆಯೇ ಎಂದು ಮೊದಲು ನೋಡಿ. ಹಸಿರು ಡಬ್ಬ ಕೊಡುವಾಗ ಅದನ್ನು ಗಾಡಿಗೆ ಒಯ್ಯುವ ಪಾಳಿ ಯಾರದೆಂದು ಮನೆಯ ಗಂಡಸರ ಎದುರಿಗೇ ಕೇಳಿ ಬರೆದುಕೊಳ್ಳಿ.