ಮೂರು ವರ್ಷ ಬಳಸಿದ ಆಟೋ ಇಂಪೋರ್ಟ್ ಟೂಲ್: ಟೈಮ್ ಝೋನ್ ಸೆಟ್ಟಿಂಗ್ ಮೊದಲು ನೋಡಿಕೊಳ್ಳಿ

ನಮ್ಮ ಆನ್‌ಲೈನ್ ಅಂಗಡಿಯ ಸ್ಟಾಕ್ ಪಟ್ಟಿ ದಿನಾ ತಾನಾಗಿ ಅಪ್‌ಡೇಟ್ ಆಗಲಿ ಅಂತ ಈ ಟೂಲನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ದೊಡ್ಡ ಫೈಲ್ ಬಂದರೂ ಅರ್ಧಕ್ಕೆ ನಿಲ್ಲುವುದಿಲ್ಲ. ಕಾಲಂ ಹೊಂದಿಸುವುದೂ ಸುಲಭ. ತೊಂದರೆ ಕೊಟ್ಟಿದ್ದು ಒಂದೇ, ಫೈಲ್ ಹೆಸರಿನಲ್ಲಿರುವ ತಾರೀಖು.

ಸಪ್ಲೈಯರ್ ರಾತ್ರಿ 1 ಗಂಟೆಗೆ ‘ಸ್ಟಾಕ್-2024-03-05.ಸಿಎಸ್‌ವಿ’ ಅನ್ನೋ ಥರದ ಹೆಸರಲ್ಲಿ ಫೈಲ್ ಹಾಕುತ್ತಾರೆ. ಇಂಪೋರ್ಟ್ ಕೆಲಸ ಓಡುವ ಹೊತ್ತಿಗೆ ಆ ದಿನದ ತಾರೀಖನ್ನು ಟೂಲೇ ತುಂಬಿಕೊಂಡು ಫೈಲ್ ಹುಡುಕುತ್ತದೆ. ಮೊದಲು ಬೆಳಿಗ್ಗೆ 7ಕ್ಕೆ ಓಡಿಸುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ. ಬೇಗ ಮುಗಿಯಲಿ ಅಂತ ರಾತ್ರಿ 2ಕ್ಕೆ ಬದಲಾಯಿಸಿದೆ.

ಕೆಲಸ ಶುರುವಾಗುವುದು ನಮ್ಮ ಗಡಿಯಾರದ ಪ್ರಕಾರ, ಆದರೆ ಹೆಸರಿನ ತಾರೀಖು ಯುಟಿಸಿ (ಇಡೀ ಜಗತ್ತಿಗೆ ಒಂದೇ ಆಗಿರುವ ಪ್ರಮಾಣ ಸಮಯ) ಪ್ರಕಾರ. ಇದು ನನಗೆ ಗೊತ್ತಿರಲಿಲ್ಲ. ನಮ್ಮ ಸಮಯ ಯುಟಿಸಿಗಿಂತ 5:30 ಗಂಟೆ ಮುಂದೆ. ನಮಗೆ ರಾತ್ರಿ 2 ಆದಾಗ ಅಲ್ಲಿನ್ನೂ ಹಿಂದಿನ ದಿನದ ರಾತ್ರಿ 8:30. ಹಾಗಾಗಿ 5ನೇ ತಾರೀಖು ಓಡಿದ ಕೆಲಸ 4ರ ಫೈಲ್ ಹುಡುಕಿತು. ಹಳೇ ಫೈಲ್ ಫೋಲ್ಡರ್‌ನಲ್ಲೇ ಇತ್ತಲ್ಲ, ಸಿಕ್ಕಿಯೂ ಬಿಟ್ಟಿತು! ಟೂಲ್ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಹಸಿರು ಬಣ್ಣದಲ್ಲಿ ‘ಯಶಸ್ವಿ’. ಎರರ್ ಬಂದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಒಂಬತ್ತು ದಿನ ನಿನ್ನೆಯ ಸ್ಟಾಕನ್ನೇ ತೋರಿಸುತ್ತಾ, ಖಾಲಿಯಾದ ಸಾಮಾನಿಗೂ ಆರ್ಡರ್ ತೆಗೆದುಕೊಂಡೆವು. ಗ್ರಾಹಕರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ತುಂಬಾ ಬೇಜಾರಾಯಿತು.

ಹಗಲು ಹೊತ್ತು ಕೈಯಾರೆ ಓಡಿಸಿ ನೋಡಿದರೆ ಸರಿಯಾದ ಫೈಲೇ ಬರುತ್ತಿತ್ತು. ಸಪೋರ್ಟ್‌ನವರೂ ಹಾಗೇ ಓಡಿಸಿ ನೋಡಿ ‘ಎಲ್ಲಾ ಸರಿಯಿದೆ’ ಅಂದರು. ಎರಡೂ ಗಡಿಯಾರಗಳ ತಾರೀಖು ಬೇರೆಯಾಗುವುದು ಮಧ್ಯರಾತ್ರಿಯಿಂದ 5:30ರವರೆಗೆ ಮಾತ್ರ, ಹಗಲಲ್ಲಿ ಹೇಗೆ ಸಿಗುತ್ತೆ? ಕೊನೆಗೆ ಸುಳಿವು ಕೊಟ್ಟಿದ್ದು ಲಾಗ್‌ನಲ್ಲಿ ಸಮಯದ ತುದಿಗಿದ್ದ ‘ಝಡ್’ ಅಕ್ಷರ. ತಾರೀಖು, ಸಮಯ ಬರೆಯುವ ಐಎಸ್‌ಒ 8601 ಪದ್ಧತಿಯಲ್ಲಿ ಅದರ ಅರ್ಥ ಯುಟಿಸಿ.

ಆಮೇಲಿನ ಅಪ್‌ಡೇಟ್‌ನಲ್ಲಿ ಪ್ರತಿ ಕೆಲಸಕ್ಕೂ ಬೇರೆ ಟೈಮ್ ಝೋನ್ ಹಾಕುವ ಅವಕಾಶ ಬಂತು. ಅಲ್ಲಿ ನಿಮ್ಮ ಝೋನ್ ಅಲ್ಲ, ಫೈಲಿಗೆ ಹೆಸರಿಡುವವರ ಝೋನ್ ಹಾಕಿ. ಅದನ್ನೂ ಊರಿನ ಹೆಸರಿರುವ ಪಟ್ಟಿಯಿಂದಲೇ ಆರಿಸಿ. ನಮ್ಮ ಇನ್ನೊಬ್ಬ ಸಪ್ಲೈಯರ್ ಇರುವ ದೇಶದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಸುಮ್ನೆ ‘+1’ (ಯುಟಿಸಿಗಿಂತ ಒಂದು ಗಂಟೆ ಮುಂದೆ) ಅಂತ ಹಾಕಿದ್ದರೆ ಅರ್ಧ ವರ್ಷ ಲೆಕ್ಕ ತಪ್ಪುತ್ತಿತ್ತು.

ಇದರ ಜೊತೆಗೆ, ಇಂಪೋರ್ಟ್ ಆದ ಫೈಲ್ ಬೇರೆ ಫೋಲ್ಡರ್‌ಗೆ ಹೋಗುವಂತೆ ಮಾಡಿದ್ದೇನೆ. ಹಳೇ ಫೈಲ್ ಮೊದಲಿನ ಫೋಲ್ಡರ್‌ನಲ್ಲಿ ಇಲ್ಲದಿದ್ದರೆ ತಾರೀಖು ತಪ್ಪಿದ ದಿನ ಎರರ್ ಬಂದೇ ಬರುತ್ತದೆ. ನನ್ನ ಪ್ರಕಾರ ಝೋನ್ ಸೆಟ್ಟಿಂಗ್‌ಗಿಂತ ಇದೇ ಜಾಸ್ತಿ ಮುಖ್ಯ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಪ್ರಿವ್ಯೂ ಒತ್ತಿದರೆ ಈಗಲೂ ಈ ಕ್ಷಣದ ತಾರೀಖಿರುವ ಹೆಸರೇ ಬರುತ್ತದೆ. ರಾತ್ರಿ 2ಕ್ಕೆ ಯಾವ ಹೆಸರು ಹುಡುಕುತ್ತದೆ ಅನ್ನುವುದನ್ನು ಮೊದಲೇ ತೋರಿಸಿದರೆ ಉಳಿದ ಒಂದು ಸ್ಟಾರೂ ಕೊಡುತ್ತೇನೆ.