ಬ್ರಿಟನ್, ಜರ್ಮನಿ, ಅಮೆರಿಕ: ನರ್ಸ್‌ಗಳಿಗೆ ಯಾವ ದಾರಿ?

ಈ ಮೂರರಲ್ಲಿ ಯಾವುದು ಎಂದು ಕೇಳುವವರಿಗೆ ನನ್ನ ಮೊದಲ ಪ್ರಶ್ನೆ: ನೀವು ಎಷ್ಟು ಕಾಲ ಕಾಯಬಲ್ಲಿರಿ?

ಅಮೆರಿಕಕ್ಕೆ ನರ್ಸಿಂಗ್ ಪರೀಕ್ಷೆ ಒಂದೇ, ಎನ್‌ಕ್ಲೆಕ್ಸ್. 85ರಿಂದ 150 ಪ್ರಶ್ನೆ. ನಿಮ್ಮ ಉತ್ತರ ನೋಡಿಕೊಂಡೇ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಕಷ್ಟ ಇರುವುದು ಆಮೇಲೆ. ಉದ್ಯೋಗದ ಆಧಾರದ ಮೇಲೆ ಸಿಗುವ ಇಬಿ-3 ವೀಸಾದ ಸರದಿ ನೀವು ಹುಟ್ಟಿದ ದೇಶದ ಮೇಲೆ ನಿಂತಿದೆ, ಕೆಲವರಿಗೆ ವರ್ಷಗಟ್ಟಲೆ. ಸರದಿ ಬಂತೆಂದರೆ ನೇರವಾಗಿ ಗ್ರೀನ್ ಕಾರ್ಡೇ (ಕಾಯಂ ವಾಸದ ಅನುಮತಿ), ಸಂಗಾತಿಗೂ 21 ತುಂಬದ ಮಕ್ಕಳಿಗೂ. ಮಗುವಿಗೆ ಈಗಾಗಲೇ 17 ಆಗಿದ್ದರೆ ಸರದಿಯಲ್ಲೇ ವಯಸ್ಸು ಮೀರುವ ಭಯವಿದೆ, ಎರಡು ಸಲ ಯೋಚಿಸಿ.

ಬೇಗ ಹೊರಡಬೇಕು, ಇಂಗ್ಲಿಷ್ ಗಟ್ಟಿಯಿದೆ ಎನ್ನುವವರಿಗೆ ಬ್ರಿಟನ್ ಹೊಂದುತ್ತದೆ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದವಕ್ಕೆ 7 ಬೇಕು. ಬದಲಿಗೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ ಕೂಡ ಆಗುತ್ತದೆ. ಕಂಪ್ಯೂಟರ್‌ನಲ್ಲಿ ನಡೆಯುವ ನರ್ಸಿಂಗ್ ಪರೀಕ್ಷೆ ಸಿಬಿಟಿಯನ್ನು ನಮ್ಮ ದೇಶದಲ್ಲೇ ಬರೆಯಬಹುದು. ಕೆಲಸ ಮಾಡಿ ತೋರಿಸುವ ಓಸ್ಕಿ ಪರೀಕ್ಷೆ ಮಾತ್ರ ಅಲ್ಲಿಗೆ ಹೋದ ಮೇಲೆ. ಮಾತ್ರೆ ಕೊಡುವ ಮುನ್ನ ರೋಗಿಯ ಹೆಸರು, ಹುಟ್ಟಿದ ದಿನಾಂಕ, ಅಲರ್ಜಿ ಕೇಳಿದಿರಾ ಎಂದು ಪರೀಕ್ಷಕರು ಪಕ್ಕದಲ್ಲೇ ನಿಂತು ನೋಡುತ್ತಾರೆ. ಅನುಭವಿಗಳೂ ಎಡವುವುದು ಇಂಥ ಕಡೆಯೇ.

ಜರ್ಮನಿಗೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ನೋಂದಣಿಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಕಡ್ಡಾಯ. ನಿಮ್ಮ ಓದಿನಲ್ಲಿ ಕೊರತೆ ಕಂಡರೆ ಪೂರಕ ತರಬೇತಿ ಅಥವಾ ಪರೀಕ್ಷೆ. ಅದು ಮುಗಿಯುವವರೆಗೆ ಸಹಾಯಕರಾಗಿ, ಕಡಿಮೆ ಸಂಬಳಕ್ಕೆ ದುಡಿಯಬೇಕಾಗುತ್ತದೆ. ಭಾಷೆ ಕಲಿಯುವ ಆಸೆ ಇದ್ದವರಿಗೇ ಇದು.

ಏಜೆಂಟರ ವಿಷಯ: ಬ್ರಿಟನ್‌ನ ನೇಮಕಾತಿ ಸಂಹಿತೆ ಪ್ರಕಾರ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ಯಾರಾದರೂ ಕೇಳಿದರೆ ದಯವಿಟ್ಟು ಕೊಡಬೇಡಿ.